ಶೇವಿಂಗ್ ಬ್ರಷ್ ಕೊಳ್ಳುವ ಮೊದಲು ನಲ್ಲಿ ನೀರು ನೋಡಿ

ಮೊನ್ನೆ ಅಳಿಯ ಫೋನ್ ಮಾಡಿದ್ದ. ಫೋಮ್ ಡಬ್ಬಿ ಸಾಕಾಗಿದೆ, ನಿಮ್ಮ ಥರ ಬ್ರಷ್ ಹಿಡಿಯೋಣ ಅಂತಿದ್ದೇನೆ, ಯಾವುದು ತಗೊಳ್ಳಲಿ ಮಾವ ಅಂದ. ನಿಮ್ಮ ಮನೆಗೆ ಬರೋದು ಕಾವೇರಿ ನೀರೋ ಬೋರ್‌ವೆಲ್ ನೀರೋ ಅಂತ ನಾನು ಕೇಳಿದೆ. ಅವನಿಗೆ ನಗು. ಗಡ್ಡಕ್ಕೂ ಬೋರ್‌ವೆಲ್ಲಿಗೂ ಏನು ಸಂಬಂಧ?

ಸಂಬಂಧ ಇದೆ. ನಾನು ಗಡ್ಡ ಹೆರೆಯಲು ಕಲಿತಿದ್ದು ಸಾಗರದ ಕಡೆ, ಬಾವಿ ನೀರಿನಲ್ಲಿ. ಅಪ್ಪನ ಹಳೇ ಬ್ರಷ್, ಅಂಗಡಿಯ ಸಾದಾ ಸೋಪಿನ ಬಿಲ್ಲೆ, ನಾಲ್ಕು ಸುತ್ತು ತಿರುವಿದರೆ ಕೆನೆ ಥರ ನೊರೆ. ಆಮೇಲೆ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದೆ, ಬೋರ್‌ವೆಲ್ ನೀರಿನ ಬಾಡಿಗೆ ಮನೆ, ಅದೇ ಬ್ರಷ್, ಅದೇ ಸೋಪು, ಎಷ್ಟು ತಿರುವಿದರೂ ಕೆನ್ನೆ ಮೇಲೆ ನೀರು ನೀರಾದ ಬಿಳಿ ಬಣ್ಣ ಬಳಿದ ಹಾಗೆ, ಎರಡು ನಿಮಿಷಕ್ಕೆ ಒಣಗಿ ಹೋಗುತ್ತಿತ್ತು. ಬ್ರಷ್ ಹಾಳಾಗಿದೆ ಅಂದುಕೊಂಡು ಹೊಸದು ಕೊಂಡೆ. ಅದೂ ಅಷ್ಟೇ. ತಪ್ಪು ಬ್ರಷ್‌ನದಲ್ಲ, ನೀರಿನದು ಅಂತ ಗೊತ್ತಾಗಲು ಒಂದು ವರ್ಷ ಬೇಕಾಯಿತು.

ಗಡಸು ನೀರಲ್ಲಿರುವ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಒಡೆದ ಹಾಲಿನ ಹಾಗೆ ಚರಟ ಆಗುತ್ತದೆ, ಅರ್ಧ ಸೋಪು ಅದಕ್ಕೇ ಖರ್ಚು. ನಿಮ್ಮ ನೀರು ಹೇಗಿದೆ ಅಂತ ನೋಡಬೇಕಾದರೆ ಒಂದು ಬಾಟಲಿಯಲ್ಲಿ ಮೂರನೇ ಒಂದು ಪಾಲು ನೀರು ಹಾಕಿ, ಸೋಪನ್ನು ಚಾಕುವಿನಲ್ಲಿ ಹೆರೆದು ಚೂರು ಹಾಕಿ, ಜೋರಾಗಿ ಕುಲುಕಿ. ನೊರೆ ಮೇಲೆ ದಪ್ಪಗೆ ನಿಂತು ಕೆಳಗಿನ ನೀರು ತಿಳಿಯಾಗಿದ್ದರೆ ನಿಮ್ಮ ಪುಣ್ಯ. ನೀರು ಮೊಸರು ಮೊಸರಾಗಿ ನೊರೆ ನಿಲ್ಲದಿದ್ದರೆ ಗಡಸು. ಶಾಂಪೂ ಹಾಕಿ ನೋಡಬೇಡಿ, ಅದು ಎಂಥ ನೀರಿನಲ್ಲೂ ನೊರೆ ಕೊಡುತ್ತದೆ.

ಈಗ ಬ್ರಷ್‌ಗೆ ಬರೋಣ. ಅಂಗಡಿಯಲ್ಲಿ ಮುಖ್ಯವಾಗಿ ಸಿಗೋದು ಮೂರು ಜಾತಿ: ಹಂದಿ ಕೂದಲು, ಬ್ಯಾಡ್ಜರ್ ಕೂದಲು, ಸಿಂಥೆಟಿಕ್. ಕುದುರೆ ಕೂದಲಿನದೂ ಇದೆ, ನಮ್ಮ ಕಡೆ ಅಪರೂಪ.

ಹಂದಿ ಕೂದಲು ನೀರು ಕುಡಿಯುತ್ತದೆ. ಹಾಗಾಗಿ ಬಳಸುವ ಮೊದಲು ಮೂರು ನಾಲ್ಕು ನಿಮಿಷ ಬೆಚ್ಚಗಿನ ನೀರಿನ ಮಗ್‌ನಲ್ಲಿ ನೆನೆಸಬೇಕು, ನಾನು ಸ್ನಾನಕ್ಕೆ ಹೋಗುವಾಗ ನೆನೆಹಾಕಿ ಹೋಗುತ್ತೇನೆ. ಹೊಸದರಲ್ಲಿ ಚುಚ್ಚುತ್ತದೆ, ಸ್ವಲ್ಪ ವಾಸನೆಯೂ ಬರುತ್ತದೆ. ಹೆದರಬೇಡಿ. ಶಾಂಪೂ ಹಾಕಿ ತೊಳೆದು, ಒಂದು ವಾರ ಗಡ್ಡ ಹೆರೆಯದಿದ್ದರೂ ಪರವಾಗಿಲ್ಲ, ದಿನಾ ಅಂಗೈಯಲ್ಲಿ ನೊರೆ ಮಾಡಿ ತೊಳೆಯಿರಿ. ಕೂದಲಿನ ತುದಿ ಸೀಳಿ ಎರಡಾಗುತ್ತಾ ಹೋಗುತ್ತದೆ, ಅದು ಹಾಳಾಗುವುದಲ್ಲ, ಪಳಗುವುದು. ಎರಡು ತಿಂಗಳಾದ ಮೇಲೆ ತುದಿ ಮೆತ್ತಗೆ, ಬುಡ ಗಟ್ಟಿ. ಬಿಲ್ಲೆ ಸೋಪಿನಿಂದ ನೊರೆ ಎಬ್ಬಿಸೋಕೆ ಇದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ. ಆದರೆ ಕೆಲವರ ಮನೆಯಲ್ಲಿ ಹಂದಿ ಕೂದಲು ಒಳಗೆ ಬರುವ ಹಾಗಿಲ್ಲ. ಅಂಥವರು ಡಬ್ಬಿ ಮೇಲೆ ಏನು ಬರೆದಿದೆ ಅಂತ ನೋಡಿಯೇ ತನ್ನಿ, ಏಕೆಂದರೆ ಹಂದಿ ಕೂದಲಿಗೇ ಕಪ್ಪು ಪಟ್ಟಿ ಬಳಿದು ಬ್ಯಾಡ್ಜರ್ ಥರ ಕಾಣಿಸುವುದೂ ಉಂಟು. ಅನುಮಾನ ಬಂದರೆ ಉದುರಿದ ಒಂದು ಎಳೆಯನ್ನು ಬೆಂಕಿಕಡ್ಡಿಗೆ ಹಿಡಿಯಿರಿ. ಪ್ರಾಣಿ ಕೂದಲಾದರೆ ಸುಟ್ಟ ಕೂದಲಿನ ವಾಸನೆ ಬಂದು ಬೂದಿಯಾಗುತ್ತದೆ, ಸಿಂಥೆಟಿಕ್ ಆದರೆ ಕರಗಿ ಸಣ್ಣ ಮಣಿಯಾಗುತ್ತದೆ. ಯಾವ ಪ್ರಾಣಿ ಅಂತ ಮಾತ್ರ ಬೆಂಕಿ ಹೇಳುವುದಿಲ್ಲ.

ಬ್ಯಾಡ್ಜರ್ ಅಂದರೆ ನಮ್ಮ ತರಕರಡಿಯ ದೂರದ ನೆಂಟ. ಅದರ ಕೂದಲು ಹೆಚ್ಚಾಗಿ ಚೀನಾದಿಂದ ಬರುತ್ತದೆ. ಪ್ಯೂರ್, ಬೆಸ್ಟ್, ಸಿಲ್ವರ್‌ಟಿಪ್ ಅಂತ ದರ್ಜೆ, ಮೇಲೆ ಹೋದಷ್ಟೂ ತುದಿ ಬೆಳ್ಳಗೆ ಮೆತ್ತಗೆ, ಬೆಲೆ ಕೇಳಬೇಡಿ. ಆ ಹೆಸರುಗಳಿಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲ, ಒಬ್ಬರ ಬೆಸ್ಟ್ ಇನ್ನೊಬ್ಬರ ಪ್ಯೂರ್. ನೀರು ಚೆನ್ನಾಗಿ ಹಿಡಿಯುತ್ತದೆ, ಮುಖಕ್ಕೆ ಹಿತ, ಅದು ನಿಜ. ಮಗ ಹೊರದೇಶದಿಂದ ಬರುವಾಗ ನನಗೊಂದು ತಂದಿದ್ದ. ಚಳಿಗಾಲದ ಬೆಳಗ್ಗೆ ಹಂಡೆಯಿಂದ ಕುದಿಯುವ ನೀರು ಮಗ್‌ಗೆ ಸುರಿದು ಬ್ರಷ್ ಅದ್ದಿಟ್ಟು ಪೇಪರ್ ಓದುತ್ತಾ ಕೂತೆ. ಮೂರು ನಾಲ್ಕು ಸಲ ಹೀಗೆ ಮಾಡಿದ್ದಕ್ಕೆ ಒಂದು ದಿನ ಕೂದಲಿನ ಗೊಂಚಲು ಪೂರ್ತಿ ಹಿಡಿಯಿಂದ ಕಳಚಿ ಕೈಗೇ ಬಂತು. ಒಳಗಿನ ಅಂಟು ಬಿಟ್ಟಿತ್ತು. ಮಗನಿಗೆ ಇವತ್ತಿಗೂ ಹೇಳಿಲ್ಲ. ಬೆರಳು ಆರಾಮಾಗಿ ಅದ್ದುವಷ್ಟು ಬಿಸಿ ಸಾಕು, ಅದಕ್ಕಿಂತ ಜಾಸ್ತಿ ಯಾವ ಬ್ರಷ್‌ಗೂ ಬೇಡ.

ಸಿಂಥೆಟಿಕ್ ಅಂದರೆ ಹಿಂದೆ ಮೀನಿನ ಗಾಳದ ದಾರದಂಥ ನೈಲಾನ್, ಮುಖ ಉರಿ ಉರಿ. ಅದನ್ನು ನೆನಪಿಟ್ಟುಕೊಂಡು ನನ್ನ ವಯಸ್ಸಿನವರು ಈಗಲೂ ಮೂಗು ಮುರಿಯುತ್ತಾರೆ. ಈಗಿನದು ಬೇರೆ, ಎಳೆ ತುಂಬಾ ಸಪೂರ, ತುದಿ ರೇಷ್ಮೆ. ನೆನೆಸಬೇಕಾಗಿಲ್ಲ, ನೀರು ಕುಡಿಯುವುದಿಲ್ಲ, ಕಮ್ಮಿ ಸೋಪಿಗೆ ಜಾಸ್ತಿ ನೊರೆ, ಸಂಜೆಗೆ ಒಣಗಿರುತ್ತದೆ. ಗಡಸು ನೀರಿನ ಮನೆಗೆ, ಟ್ಯೂಬಿನ ಕ್ರೀಮ್ ಬಳಸುವವರಿಗೆ, ಮೊದಲ ಸಲ ಬ್ರಷ್ ಹಿಡಿಯುವವರಿಗೆ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಿಸಿಲು ಕಾಣದ ಮಲೆನಾಡಿನವರಿಗೆ ನಾನು ಇದನ್ನೇ ಹೇಳುವುದು. ಸಾವಿರ ರೂಪಾಯಿ ದಾಟುವ ಅಗತ್ಯ ನನಗಂತೂ ಕಂಡಿಲ್ಲ.

ಅಳತೆಯಲ್ಲಿ ಎಡವುವವರು ಜಾಸ್ತಿ. ಗೊಂಚಲಿನ ಬುಡದ ಅಗಲ 22ರಿಂದ 24 ಮಿಲಿಮೀಟರ್ ಇದ್ದರೆ ಸಾಮಾನ್ಯ ಮುಖಕ್ಕೆ ಸರಿ. 28, 30ರದು ನೋಡೋಕೆ ಭರ್ಜರಿ, ಮೂಗಿನ ಕೆಳಗೆ ತಿರುಗಿಸಿದರೆ ಬಾಯಿಗೂ ಮೂಗಿಗೂ ಸೋಪು. ಕೂದಲಿನ ಉದ್ದ 50 ಮಿಲಿಮೀಟರ್ ಆಸುಪಾಸು. ಉದ್ದ ಜಾಸ್ತಿಯಾದಷ್ಟೂ ಬ್ರಷ್ ಜೋಲು, ಕಮ್ಮಿಯಾದಷ್ಟೂ ಬಿಗಿ. ಒತ್ತು ಗಡ್ಡದವರಿಗೆ ಬಿಗಿ ಬೇಕು, ಮೊಡವೆ ಇರುವ ಹುಡುಗರಿಗೆ ಜೋಲೇ ವಾಸಿ. ಅಂಗಡಿಯಲ್ಲಿ ಒಣಗಿದ ಬ್ರಷ್ ಕೆನ್ನೆಗೆ ಸವರಿ ತೀರ್ಮಾನ ಮಾಡಬೇಡಿ, ನೆನೆದ ಮೇಲೆ ಅದು ಬೇರೆಯೇ. ಅದರ ಬದಲು ಗೊಂಚಲನ್ನು ಅಂಗೈಗೆ ಒತ್ತಿ ಬಿಡಿ, ಪುಟಿದು ತನ್ನ ಆಕಾರಕ್ಕೆ ಬರಬೇಕು. ಆಮೇಲೆ ಬೆರಳುಗಳಿಂದ ಬಿಡಿಸಿ ಬುಡ ನೋಡಿ, ಹಿಡಿಗೂ ಕೂದಲಿಗೂ ನಡುವೆ ಸಂದು ಕಂಡರೆ ವಾಪಸ್ ಇಡಿ, ನೀರು ಅಲ್ಲೇ ಇಳಿಯುತ್ತದೆ. ಹಿಡಿ ಒದ್ದೆ ಕೈಗೆ ಜಾರಬಾರದು, ಅಷ್ಟೇ. ಮರದ ಹಿಡಿ ಚೆಂದ, ಆದರೆ ಪಾಲಿಶ್ ಹೋದ ಮೇಲೆ ಬಿರುಕು ಬಿಡುತ್ತದೆ.

ಹೊಸದರಲ್ಲಿ ನಾಲ್ಕಾರು ಕೂದಲು ಉದುರಿದರೆ ಗಾಬರಿ ಬೇಡ. ಒಂದು ತಿಂಗಳಾದ ಮೇಲೂ ದಿನಾ ನೊರೆಯಲ್ಲಿ ಕೂದಲು ಸಿಗುತ್ತಿದ್ದರೆ ಗೊಂಚಲು ಸರಿಯಾಗಿ ಕಟ್ಟಿಲ್ಲ ಅಂತ.

ಸಂತೆಯಲ್ಲಿ ಹಳೇ ಬ್ರಷ್ ಕಂಡರೆ ಆಸೆ ಪಡುವವರು ಇದ್ದಾರೆ. ನಾನು ಕೊಳ್ಳುವುದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ಯಾಡ್ಜರ್ ಕೂದಲು ಸಿಗದೆ, ಸರಿಯಾಗಿ ಶುದ್ಧಿ ಮಾಡದ ಕುದುರೆ ಕೂದಲಿನ ಬ್ರಷ್‌ಗಳಿಂದ ಬ್ರಿಟನ್ ಮತ್ತು ಅಮೆರಿಕದ ಸೈನಿಕರಿಗೂ ಜನರಿಗೂ ಆಂಥ್ರಾಕ್ಸ್, ಅದೇ ನಮ್ಮ ದನಗಳಿಗೆ ಬರುವ ನೆರಡಿ ರೋಗ, ತಗುಲಿತ್ತು. 1920ರಲ್ಲಿ ಬ್ರಿಟನ್ ಜಪಾನಿನಿಂದ ಬ್ರಷ್ ತರಿಸುವುದನ್ನೇ ನಿಲ್ಲಿಸಿತು. ಈಗಿನ ಹೊಸ ಬ್ರಷ್‌ಗೆ ಆ ಭಯ ಇಲ್ಲ. ಅಷ್ಟು ಹಳೆಯದು ಸಿಕ್ಕರೆ ಷೋಕೇಸಿನಲ್ಲಿಡಿ, ಮುಖಕ್ಕೆ ಬೇಡ. ಹೊಸದನ್ನೂ ಅಣ್ಣ ತಮ್ಮಂದಿರು ಹಂಚಿಕೊಳ್ಳಬೇಡಿ, ಮನೆಯಲ್ಲಿ ಶುಗರ್ ಇರುವವರಿದ್ದರಂತೂ ಬೇಡವೇ ಬೇಡ.

ಕೆಲಸ ಮುಗಿದ ಮೇಲೆ ಬುಡದ ತನಕ ಸೋಪು ಹೋಗುವ ಹಾಗೆ ತೊಳೆದು, ಹಿಂಡಿ, ಎರಡು ಸಲ ಕೊಡವಿ, ಟವೆಲ್‌ಗೆ ಸವರಿ ಗಾಳಿಗೆ ಇಡಿ. ತಲೆಕೆಳಗಾಗಿ ನೇತುಹಾಕಿದರೇ ಒಣಗುವುದು ಅಂತ ಸ್ಟ್ಯಾಂಡ್ ಮಾರುತ್ತಾರೆ, ನಿಲ್ಲಿಸಿಟ್ಟರೂ ಒಣಗುತ್ತದೆ, ಬಚ್ಚಲುಮನೆಯ ಮುಚ್ಚಿದ ಕಪಾಟಿನಲ್ಲಿ ಇಡದಿದ್ದರೆ ಸಾಕು. ಬೋರ್‌ವೆಲ್ ನೀರಿನವರ ಬ್ರಷ್ ಬುಡದಲ್ಲಿ ಬಿಳೀ ಚರಟ ಕಟ್ಟಿ ಕೂದಲು ಬಿರುಸಾಗುತ್ತದೆ. ತಿಂಗಳಿಗೊಮ್ಮೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಹಾಕಿ ಐದು ನಿಮಿಷ ಅದ್ದಿಟ್ಟು ತೊಳೆಯಿರಿ. ಇನ್ನೂ ಸುಲಭ ಅಂದರೆ, ನೊರೆಗೆ ಬೇಕಾಗುವುದು ನಾಲ್ಕೈದು ಚಮಚ ನೀರು, ಅದಕ್ಕೆ ಆರ್‌ಒ ಫಿಲ್ಟರ್ ನೀರೋ ಹಿಡಿದಿಟ್ಟ ಮಳೆ ನೀರೋ ಬಳಸಿ, ಮುಖ ತೊಳೆಯಲು ಬೇಕಾದರೆ ಬೋರ್‌ವೆಲ್ ಇರಲಿ. ನಾನು ಅಡುಗೆಮನೆ ಫಿಲ್ಟರಿನಿಂದ ಒಂದು ಸಣ್ಣ ಬಟ್ಟಲು ನೀರು ಹಿಡಿದುಕೊಂಡು ಹೋಗುವಾಗ ಇವಳು ಈಗಲೂ ಗೊಣಗುತ್ತಾಳೆ.

ಅಳಿಯನ ಮನೆಗೆ ಬರುವುದು ಬೋರ್‌ವೆಲ್ ನೀರೇ. ಹಾಗಾಗಿ 24 ಮಿಲಿಮೀಟರಿನ ಸಿಂಥೆಟಿಕ್ ತರಿಸಿಕೊಂಡಿದ್ದಾನೆ. ನಿನ್ನೆ ಫೋಟೋ ಕಳಿಸಿದ್ದ, ಪ್ರಯಾಣಕ್ಕೆ ಅಂತ ಒದ್ದೆ ಬ್ರಷ್‌ನ್ನು ಮುಚ್ಚಳ ಇರುವ ಪ್ಲಾಸ್ಟಿಕ್ ಕೊಳವೆಗೆ ತುರುಕಿದ್ದಾನೆ. ಸೂಜಿ ಕಾಯಿಸಿ ಹತ್ತು ತೂತು ಮಾಡು ಮಾರಾಯ, ಇಲ್ಲದಿದ್ದರೆ ಬೂಷ್ಟು ಬರುತ್ತದೆ ಅಂತ ಹೇಳಿದ್ದೇನೆ.