ಜೀವಕೋಶ ಬಿಡುವ ಪೆರಾಕ್ಸೈಡ್ ಅಳೆಯಲು ಪ್ರಷ್ಯನ್ ಬ್ಲೂ ಎಲೆಕ್ಟ್ರೋಡ್

ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಕೋಶ ಕೆರಳಿದಾಗ ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತದೆ. ಬರೀ ಪ್ಲಾಟಿನಂನಿಂದ ಅಳೆಯಲು ಸುಮಾರು 0.6 ವೋಲ್ಟ್ ಬೇಕು. ಅಷ್ಟು ವೋಲ್ಟಿನಲ್ಲಿ ಆಸ್ಕಾರ್ಬಿಕ್ ಆಮ್ಲವೂ ಕರೆಂಟ್ ಕೊಟ್ಟು ದಾರಿ ತಪ್ಪಿಸುತ್ತದೆ. ಕಬ್ಬಿಣ-ಸಯನೈಡಿನ ನೀಲಿ ಸಂಯುಕ್ತವಾದ ಪ್ರಷ್ಯನ್ ಬ್ಲೂಗೆ ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎದುರು 0 ವೋಲ್ಟ್ ಸಾಕು.

3 ಮಿ.ಮೀ. ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡನ್ನು 0.3, ಆಮೇಲೆ 0.05 ಮೈಕ್ರಾನ್ ಅಲ್ಯುಮಿನಾದಲ್ಲಿ ಉಜ್ಜಿ ತೊಳೆಯಿರಿ. ಗದಗಿನ ಕಡೆಯ ಬೋರ್‌ವೆಲ್ ನೀರು ಗಡಸು, ತೊಳೆಯಲೂ ಡಿಅಯೋನೈಸ್ಡ್ ನೀರೇ ಇರಲಿ. ಲೇಪನದ ದ್ರಾವಣಕ್ಕೆ ಪೊಟ್ಯಾಸಿಯಂ ಫೆರಿಸಯನೈಡ್, ಫೆರಿಕ್ ಕ್ಲೋರೈಡ್ ತಲಾ 2.5 ಮಿಲಿಮೋಲಾರ್, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್, ಹೈಡ್ರೋಕ್ಲೋರಿಕ್ ಆಮ್ಲ ತಲಾ 0.1 ಮೋಲಾರ್. ಧಾರವಾಡದ ಮಳೆಗಾಲದಲ್ಲಿ ಫೆರಿಕ್ ಕ್ಲೋರೈಡ್ ತೇವ ಹೀರಿ ಕೆಸರಾಗುತ್ತದೆ, ತೂಕ ಕೆಡುತ್ತದೆ, ಡೆಸಿಕೇಟರಿನಲ್ಲಿಡಿ. ಫೆರಿಸಯನೈಡ್, ಫೆರಿಕ್ ಕ್ಲೋರೈಡ್ ಎರಡನ್ನೂ ಬೆರೆಸಿದ ಕೂಡಲೇ 0.4 ವೋಲ್ಟಿನಲ್ಲಿ 40 ಸೆಕೆಂಡ್ ಲೇಪಿಸಿ. ಆಮೇಲೆ ಪೊಟ್ಯಾಸಿಯಂ ಕ್ಲೋರೈಡ್-ಹೈಡ್ರೋಕ್ಲೋರಿಕ್ ಆಮ್ಲ ಮಾತ್ರ ಇರುವ ದ್ರಾವಣದಲ್ಲಿ ಮೈನಸ್ 0.05ರಿಂದ 0.35 ವೋಲ್ಟ್ ನಡುವೆ 20 ಸುತ್ತು ಓಡಿಸಿ, 100 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ.

ಹೆಚ್ಚಿನವರು ಎಡವುವುದು ಬಫರ್‌ನಲ್ಲಿ. ಈ ಪದರ ಕೆಲಸ ಮಾಡಲು ಪೊಟ್ಯಾಸಿಯಂ ಬೇಕು, ಕೋಶದ ಬಫರಿನಲ್ಲಿ ಅದು ಕಡಿಮೆ. ಪಿಎಚ್ 7.4ರಲ್ಲಿ ಪದರ ನಿಧಾನಕ್ಕೆ ಕರಗುತ್ತಲೂ ಇರುತ್ತದೆ. ಹಾಗಾಗಿ ಆಮ್ಲದಲ್ಲಿ ತೆಗೆದ ಮಾಪನರೇಖೆ (ಗೊತ್ತಿರುವ ಪೆರಾಕ್ಸೈಡ್ ಪ್ರಮಾಣಕ್ಕೆ ಎಷ್ಟು ಕರೆಂಟ್ ಎಂಬ ಗೆರೆ) ಇಲ್ಲಿ ನಡೆಯದು: ಅದೇ ಬಫರ್, ಅದೇ 37 ಡಿಗ್ರಿ, ಅದೇ ಕಲಕುವ ವೇಗದಲ್ಲಿ ಪ್ರಯೋಗದ ಮೊದಲೂ ಕೊನೆಗೂ ಅಳೆಯಿರಿ. ಶೇ. 30ರ ಪೆರಾಕ್ಸೈಡ್ 102 ಮೈಕ್ರೋಲೀಟರನ್ನು 100 ಮಿ.ಲೀ.ಗೆ ಏರಿಸಿದರೆ ಸುಮಾರು 10 ಮಿಲಿಮೋಲಾರ್. ಬಾಟಲಿಯ ಚೀಟಿ ನಂಬಬೇಡಿ. ಈ 10 ಮಿಲಿಮೋಲಾರ್ ದ್ರಾವಣ 240 ನ್ಯಾನೋಮೀಟರಿನಲ್ಲಿ 1 ಸೆಂ.ಮೀ. ಕ್ಯುವೆಟ್‌ನಲ್ಲಿ 0.436 ಬೆಳಕಿನ ಹೀರಿಕೆ (ಅಬ್ಸಾರ್ಬೆನ್ಸ್) ತೋರಿಸಬೇಕು. ಇದರ 1 ಮೈಕ್ರೋಲೀಟರ್ 10 ಮಿ.ಲೀ. ಬಫರಿಗೆ 1 ಮೈಕ್ರೋಮೋಲಾರ್ ಸೇರಿಸುತ್ತದೆ.

ಕೋಶಗಳನ್ನು ಮಿ.ಲೀ.ಗೆ 10 ಲಕ್ಷದಂತೆ ಗ್ಲೂಕೋಸ್ ಇರುವ ಬಫರಿಗೆ ಹಾಕಿ. ಕಲ್ಚರ್ ಮೀಡಿಯಂನ ಪೈರುವೇಟ್ ಪೆರಾಕ್ಸೈಡನ್ನು ತಾನೇ ನುಂಗಿಬಿಡುತ್ತದೆ, ಆದ್ದರಿಂದ ಚೆನ್ನಾಗಿ ತೊಳೆಯಿರಿ. ಬೇಸ್‌ಲೈನ್ ನೆಲೆ ನಿಂತ ಮೇಲೆ ಕೋಶವನ್ನು ಕೆರಳಿಸುವ ಪಿಎಂಎ ಹಾಕಿ, ಮಿ.ಲೀ.ಗೆ 100 ನ್ಯಾನೋಗ್ರಾಂ. ಇದು ಗಡ್ಡೆ ಬೆಳೆಸುವ ವಸ್ತು, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಕರೆಂಟ್ ಏರಿತೆಂದು ಪೆರಾಕ್ಸೈಡ್ ಎಂದುಕೊಳ್ಳುವಂತಿಲ್ಲ. ಪೆರಾಕ್ಸೈಡನ್ನು ಒಡೆಯುವ ಕಿಣ್ವ ಕೆಟಲೇಸ್ ಹಾಕಿದಾಗ ಇಳಿಯಬೇಕು, ಮೊದಲೇ ಹಾಕಿದ್ದರೆ ಏರಲೇಬಾರದು. ಪಿಎಂಎ ಕರಗಿಸುವ ದ್ರಾವಕ ಡಿಎಂಎಸ್ಒ ಒಂದನ್ನೇ ಅಷ್ಟೇ ಪ್ರಮಾಣದಲ್ಲಿ ಹಾಕಿದರೂ ಏರಬಾರದು. ಈ ಮೂರೂ ಪರೀಕ್ಷೆ ಇಲ್ಲದ ಗ್ರಾಫನ್ನು ಯಾರಿಗೂ ತೋರಿಸಬೇಡಿ.

ಗೆರೆ ನಡುಗುತ್ತಿದ್ದರೆ ಸೆಲ್ಲನ್ನು ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿಟ್ಟು ಡಬ್ಬಿಯನ್ನು ಅರ್ಥ್ ಮಾಡಿ. ಉಳಿದ ಫೆರಿಸಯನೈಡನ್ನು ಬಿಸಿ ಆಮ್ಲದ ತ್ಯಾಜ್ಯಕ್ಕೆ ಎಂದೂ ಸುರಿಯಬೇಡಿ, ವಿಷಾನಿಲ ಹೊರಡುತ್ತದೆ.