ಸಿನಿಮಾದ ಲಾಭ–ನಷ್ಟ ಲೆಕ್ಕ ಹಾಕುವುದು ಹೇಗೆ?

ಕೆಲವು ದಿನಗಳ ಹಿಂದೆ ಗೆಳೆಯರೊಬ್ಬರು ಹೋಟೆಲಿನ ಬಿಲ್ಲಿನ ಹಿಂಬದಿಯಲ್ಲಿ ‘42 – 22.5 = 19.5’ ಎಂದು ಬರೆದು, ‘ಹತ್ತೊಂಬತ್ತೂವರೆ ಕೋಟಿ ಡಾಲರ್ ಲಾಭ ತಂದ ಸರಣಿಯನ್ನು ಡಿಸ್ನಿಯವರು ಕೈಬಿಟ್ಟರಲ್ಲ, ಅವರಿಗೇನಾಗಿತ್ತು?’ ಎಂದು ಕೇಳಿದರು. ಅವರು ಮಾತನಾಡುತ್ತಿದ್ದುದು ನಾರ್ನಿಯಾ ಸರಣಿಯ ಎರಡನೆಯ ಚಿತ್ರ, 2008ರ ಮೇ ತಿಂಗಳಲ್ಲಿ ತೆರೆಕಂಡ ‘ಪ್ರಿನ್ಸ್ ಕ್ಯಾಸ್ಪಿಯನ್’ ಬಗ್ಗೆ. ಅಂಕಿಗಳಲ್ಲಿ ತಪ್ಪಿರಲಿಲ್ಲ, ಮೈನಸ್ ಚಿಹ್ನೆಯನ್ನು ಹಾಕಬಾರದ ಜಾಗದಲ್ಲಿ ಹಾಕಿದ್ದರು. ಈ ತಪ್ಪನ್ನು ಎಷ್ಟು ಜನ ಮಾಡುವುದನ್ನು ನೋಡಿದ್ದೇನೆಂದರೆ, ಲೆಕ್ಕವನ್ನು ಒಮ್ಮೆ ಮೊದಲಿನಿಂದ ಬಿಡಿಸಿ ಬರೆಯುವುದೇ ಒಳ್ಳೆಯದು ಎನಿಸಿತು. ಉದಾಹರಣೆಗೆ ಅದೇ ಸರಣಿಯ ಮೂರು ಚಿತ್ರಗಳನ್ನು ಇಟ್ಟುಕೊಳ್ಳೋಣ. ಮಕ್ಕಳೊಂದಿಗೆ ಮನೆಮಂದಿಯೆಲ್ಲ ಹೋಗಿ ನೋಡುವ ಮಾಯಾಲೋಕದ ಚಿತ್ರಗಳ ಹಣಕಾಸು ತಿಳಿಯಲು ಇಷ್ಟು ಅನುಕೂಲವಾದ ಮಾದರಿ ಬೇರೆ ಸಿಗುವುದು ಕಷ್ಟ.

ಗೆರೆ ಹಾಕಿದ ನೋಟ್ ಪುಸ್ತಕ, ಪೆನ್ಸಿಲ್ ಮತ್ತು ಸಾಧಾರಣ ಕ್ಯಾಲ್ಕುಲೇಟರ್ ಸಾಕು. ಚಿತ್ರದ ಹೆಸರು ಹಾಕಿದರೆ ‘ಹಿಟ್’, ‘ಫ್ಲಾಪ್’ ಎಂದು ತೀರ್ಪು ಕೊಡುವ ಉಚಿತ ಆ್ಯಪ್‌ಗಳನ್ನು ದಯವಿಟ್ಟು ಬಳಸಬೇಡಿ. ಅವುಗಳಲ್ಲಿ ಹೆಚ್ಚಿನವು ನನ್ನ ಗೆಳೆಯರು ಮಾಡಿದ ಕಳೆಯುವಿಕೆಯನ್ನೇ ಬಣ್ಣದ ಚೌಕದೊಳಗೆ ಕೂರಿಸಿ ತೋರಿಸುತ್ತವೆ.

ಹಂತ 1: ಅಳತೆ ಸರಿಪಡಿಸಿಕೊಳ್ಳಿ

ಒಂದು ಮಿಲಿಯನ್ ಎಂದರೆ ಹತ್ತು ಲಕ್ಷ, ಹತ್ತು ಮಿಲಿಯನ್ ಎಂದರೆ ಒಂದು ಕೋಟಿ. ಎಲ್ಲವನ್ನೂ ಕೋಟಿ ಡಾಲರಿನಲ್ಲೇ ಬರೆದುಕೊಳ್ಳಿ, ರೂಪಾಯಿಗೆ ಪರಿವರ್ತಿಸಬೇಡಿ. 2005ರಲ್ಲಿ ಡಾಲರಿಗೆ ಸುಮಾರು 45 ರೂಪಾಯಿ ಇತ್ತು. ಆ ಕಾಲದ ಗಳಿಕೆಯನ್ನು ಇಂದಿನ ದರದಲ್ಲಿ ಗುಣಿಸಿ ‘ಇಷ್ಟು ಸಾವಿರ ಕೋಟಿ’ ಎಂದು ಬೆರಗು ಹುಟ್ಟಿಸುವುದು ಲೆಕ್ಕವಲ್ಲ, ಜಾಹೀರಾತು.

ಹಂತ 2: ನಿರ್ಮಾಣ ವೆಚ್ಚ

ಮೊದಲ ಚಿತ್ರ ‘ದಿ ಲಯನ್, ದಿ ವಿಚ್ ಆ್ಯಂಡ್ ದಿ ವಾರ್ಡ್‌ರೋಬ್’ (2005) 18 ಕೋಟಿ, ‘ಪ್ರಿನ್ಸ್ ಕ್ಯಾಸ್ಪಿಯನ್’ 22.5 ಕೋಟಿ, ಮೂರನೆಯದಾದ ‘ದಿ ವಾಯೇಜ್ ಆಫ್ ದಿ ಡಾನ್ ಟ್ರೆಡರ್’ (2010) 15.5 ಕೋಟಿ ಡಾಲರ್ ಎಂದು ಬರೆದುಕೊಳ್ಳಿ. ಇವು ಪ್ರಚಾರದ ಖರ್ಚು ಸೇರದ ಅಂದಾಜುಗಳು ಎಂಬುದನ್ನು ಅಂಚಿನಲ್ಲೇ ಟಿಪ್ಪಣಿ ಮಾಡಿ. ಈ ವ್ಯತ್ಯಾಸ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಎರಡನೆಯ ಚಿತ್ರಕ್ಕಾಗಿ ನ್ಯೂಜಿಲೆಂಡಿನಿಂದ ಝೆಕ್ ಗಣರಾಜ್ಯ, ಪೋಲೆಂಡ್, ಸ್ಲೊವೇನಿಯಾಗಳವರೆಗೆ ತಂಡ ಅಲೆಯಿತು. ಸ್ಲೊವೇನಿಯಾದ ಸೋಚಾ ನದಿಗೆ ಅಡ್ಡಲಾಗಿ ಒಂದು ಕಾಳಗದ ದೃಶ್ಯಕ್ಕೆಂದೇ ಸೇತುವೆ ಕಟ್ಟಿದರು. ಮೂರನೆಯದರಲ್ಲಿ ಕೆಲಸದ ಬಹುಪಾಲು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದೊಳಗೇ ಮುಗಿಯಿತು. ಕ್ಲೀವ್‌ಲ್ಯಾಂಡ್ ಪಾಯಿಂಟ್ ಎಂಬ ಕಡಲಂಚಿನಲ್ಲಿ, ಗಿರಕಿ ಹೊಡೆಯುವ ಪೀಠದ ಮೇಲೆ ಇಡೀ ಹಡಗನ್ನು ನಿಲ್ಲಿಸಿ ಚಿತ್ರೀಕರಿಸಿ, ಬಳಿಕ ಅದನ್ನು ಬಿಚ್ಚಿ ಗೋಲ್ಡ್ ಕೋಸ್ಟ್‌ನ ಸ್ಟುಡಿಯೋಗೆ ಸಾಗಿಸಿದರು.

ಹಂತ 3: ಗಳಿಕೆಯನ್ನು ಎರಡಾಗಿ ಒಡೆಯಿರಿ

ಅಮೆರಿಕ ಮತ್ತು ಕೆನಡಾ ಸೇರಿದ್ದು ‘ತವರು’, ಮಿಕ್ಕಿದ್ದೆಲ್ಲ ‘ವಿದೇಶ’. ಮೊದಲ ಚಿತ್ರ ಒಟ್ಟು 74.5 ಕೋಟಿಯಲ್ಲಿ ತವರಿನಿಂದ 29.17, ಎರಡನೆಯದು 41.97ರಲ್ಲಿ 14.16, ಮೂರನೆಯದು 41.57ರಲ್ಲಿ 10.44. ಕಳೆದರೆ ವಿದೇಶದ ಅಂಕಣ ಸಿಗುತ್ತದೆ: 45.33, 27.81, 31.13. ಎರಡನೆಯ ಮತ್ತು ಮೂರನೆಯ ಚಿತ್ರಗಳ ಒಟ್ಟು ಗಳಿಕೆ ಹೆಚ್ಚುಕಡಿಮೆ ಒಂದೇ ಎಂಬುದನ್ನು ಇಲ್ಲೇ ಗಮನಿಸಿಡಿ.

ಹಂತ 4: ಗ್ರಾಸ್‌ನಿಂದ ಶೇರ್‌ಗೆ ಇಳಿಯಿರಿ

ಎಲ್ಲರೂ ಎಡವುವುದು ಇಲ್ಲಿ, ಆದ್ದರಿಂದ ಈ ಹಂತದಲ್ಲಿ ಅವಸರ ಬೇಡ. ಪತ್ರಿಕೆಯಲ್ಲಿ ಅಚ್ಚಾಗುವ ಗಳಿಕೆಯೆಂದರೆ ಪ್ರೇಕ್ಷಕರು ಟಿಕೆಟ್ ಕಿಟಕಿಯಲ್ಲಿ ಕೊಟ್ಟ ಹಣದ ಮೊತ್ತವೇ ಹೊರತು ಸ್ಟುಡಿಯೋ ಕೈಸೇರಿದ ಹಣವಲ್ಲ. ನಮ್ಮ ಗಾಂಧಿನಗರದ ವಿತರಕರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗ್ರಾಸ್‌ನಲ್ಲಿ ತೆರಿಗೆ ಕಳೆದರೆ ನೆಟ್, ನೆಟ್‌ನಲ್ಲಿ ಚಿತ್ರಮಂದಿರದ ಪಾಲನ್ನು ಕಳೆದರೆ ಶೇರ್ ಎಂಬ ಮೂರು ಮೆಟ್ಟಿಲು ಅವರ ದಿನಬಳಕೆಯ ಮಾತು. ಅಚ್ಚರಿಯೆಂದರೆ, ಕನ್ನಡ ಚಿತ್ರದ ವಿಷಯ ಬಂದಾಗ ‘ಶೇರ್ ಎಷ್ಟು ಬಂತು?’ ಎಂದು ಕೇಳುವ ಜನರೇ ಹಾಲಿವುಡ್ ಚಿತ್ರದ ವಿಷಯಕ್ಕೆ ಬಂದೊಡನೆ ಗ್ರಾಸ್ ಮೊತ್ತವನ್ನೇ ನಿರ್ಮಾಪಕರ ಜೇಬಿಗೆ ಹಾಕಿಬಿಡುತ್ತಾರೆ.

ಅಮೆರಿಕದಲ್ಲಿ ಸ್ಟುಡಿಯೋ ಮತ್ತು ಚಿತ್ರಮಂದಿರಗಳ ನಡುವೆ ಹಣ ಹಂಚಿಕೆಯಾಗುವ ಪ್ರಮಾಣ ಚಿತ್ರದಿಂದ ಚಿತ್ರಕ್ಕೆ, ಒಪ್ಪಂದದಿಂದ ಒಪ್ಪಂದಕ್ಕೆ ಬದಲಾಗುತ್ತದೆ. ಹಳೆಯ ಪದ್ಧತಿಯ ಕರಾರುಗಳಲ್ಲಿ ಮೊದಲ ವಾರ ಸ್ಟುಡಿಯೋ ಪಾಲು ಹೆಚ್ಚಿದ್ದು, ವಾರ ಕಳೆದಂತೆ ಚಿತ್ರಮಂದಿರದ ಪಾಲು ಏರುತ್ತಿತ್ತು. ಎಲ್ಲವನ್ನೂ ಸರಾಸರಿ ಮಾಡಿದರೆ ಅರ್ಧ ಎಂದು ಹಿಡಿಯುವುದು ಸುರಕ್ಷಿತ. ವಿದೇಶದಲ್ಲಿ ಪಾಲು ಇನ್ನೂ ಕಡಿಮೆ: ಬ್ರಿಟನ್ನಿನಂಥ ದೇಶಗಳಲ್ಲಿ ವರದಿಯಾಗುವ ಗಳಿಕೆಯೊಳಗೆ ಮೌಲ್ಯವರ್ಧಿತ ತೆರಿಗೆಯೂ ಸೇರಿರುತ್ತದೆ, ಸ್ಥಳೀಯ ವಿತರಣೆಯ ಖರ್ಚು ಬೇರೆ. ಆದ್ದರಿಂದ ಶೇ 40 ಹಿಡಿಯಿರಿ. ಚೀನಾ ಮಾತ್ರ ಪ್ರತ್ಯೇಕ. ಅಲ್ಲಿ 2012ರ ಒಪ್ಪಂದದ ನಂತರವೂ ಸ್ಟುಡಿಯೋಗೆ ದಕ್ಕುವುದು ಶೇ 25. ಅದಕ್ಕೂ ಮುಂಚೆ ಅಷ್ಟೂ ಇರಲಿಲ್ಲ. ಇತ್ತೀಚಿನ ಚಿತ್ರಗಳ ಲೆಕ್ಕ ಹಾಕುವಾಗ ಚೀನಾದ ಗಳಿಕೆಯನ್ನು ಬೇರೆ ಅಂಕಣದಲ್ಲೇ ಬರೆಯಬೇಕು.

ಈಗ ಗುಣಿಸೋಣ. ಮೊದಲ ಚಿತ್ರ: ತವರಿನಿಂದ 14.6, ವಿದೇಶದಿಂದ 18.1, ಒಟ್ಟು 32.7 ಕೋಟಿ, 18 ಕೋಟಿ ವೆಚ್ಚ ಕಳೆದರೆ 14.7 ಕೋಟಿ ಉಳಿಯಿತು. ಎರಡನೆಯದು: 7.1 ಮತ್ತು 11.1, ಒಟ್ಟು 18.2 ಕೋಟಿ, ವೆಚ್ಚ 22.5 ಕೋಟಿ ಇದ್ದುದರಿಂದ 4.3 ಕೋಟಿ ಕೊರತೆ. ಮೂರನೆಯದು: 5.2 ಮತ್ತು 12.5, ಒಟ್ಟು 17.7 ಕೋಟಿ, ವೆಚ್ಚ ಕಳೆದ ಮೇಲೂ 2.2 ಕೋಟಿ ಮಿಕ್ಕಿತು. ಹೋಟೆಲ್ ಬಿಲ್ಲಿನ ಹತ್ತೊಂಬತ್ತೂವರೆ ಕೋಟಿ ಲಾಭ ಮಾಯವಾದದ್ದಷ್ಟೇ ಅಲ್ಲ, ಅದೇ ಚಿತ್ರ ಪ್ರಚಾರದ ಖರ್ಚನ್ನು ಮುಟ್ಟುವ ಮೊದಲೇ ಕೆಂಪಿಗೆ ಇಳಿದಿತ್ತು. ಅದಕ್ಕಿಂತ ತುಸು ಕಡಿಮೆ ಗಳಿಸಿದ ಮೂರನೆಯ ಚಿತ್ರ, ಏಳು ಕೋಟಿ ಕಡಿಮೆ ಖರ್ಚಿನಲ್ಲಿ ತಯಾರಾದ ಒಂದೇ ಕಾರಣಕ್ಕೆ ನೀರಿನ ಮೇಲೆ ತಲೆಯೆತ್ತಿತು. ಡಿಸ್ನಿ 2008ರ ಡಿಸೆಂಬರಿನಲ್ಲಿ ಸರಣಿಯಿಂದ ಹೊರನಡೆದದ್ದು, ಪಾಲುದಾರ ಸಂಸ್ಥೆಯಾದ ವಾಲ್ಡನ್ ಮೀಡಿಯಾ ಮುಂದಿನ ತಿಂಗಳು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಜೊತೆ ಕೈಜೋಡಿಸಿದ್ದು, ಹೊಸ ಚಿತ್ರ ಕಡಿಮೆ ವೆಚ್ಚದಲ್ಲಿ ತಯಾರಾದದ್ದು, ಇವನ್ನೆಲ್ಲ ಈ ಮೂರು ಸಾಲಿನ ಪಕ್ಕದಲ್ಲಿಟ್ಟು ಓದಿ.

ಇಲ್ಲೊಂದು ಅಡ್ಡದಾರಿಯ ಬಗ್ಗೆ ಹೇಳಬೇಕು. ‘ವೆಚ್ಚದ ಎರಡೂವರೆ ಪಟ್ಟು ಗಳಿಸಿದರೆ ಚಿತ್ರ ದಡ ಸೇರಿತು’ ಎಂಬ ಸೂತ್ರ ಎಲ್ಲೆಡೆ ಚಾಲ್ತಿಯಲ್ಲಿದೆ. ಬಸ್ಸಿನಲ್ಲಿ ಕುಳಿತು ಬಾಯಿಲೆಕ್ಕ ಮಾಡುವುದಕ್ಕೆ ಅಡ್ಡಿಯಿಲ್ಲ. ನಮ್ಮ ಮೂರೂ ಚಿತ್ರಗಳಲ್ಲಿ ಅದು ಸರಿಯಾದ ದಿಕ್ಕನ್ನೇ ತೋರಿಸುತ್ತದೆ. ಆದರೆ ಮೂರನೆಯ ಚಿತ್ರದ ಗಳಿಕೆಯಲ್ಲಿ ಮುಕ್ಕಾಲು ಪಾಲು ವಿದೇಶದ್ದು, ಮೊದಲನೆಯದರಲ್ಲಿ ಅದು ಶೇ 61 ಮಾತ್ರ. ಹೊರಗಿನ ಹಣ ಹೆಚ್ಚಾದಷ್ಟೂ ಕೈಗೆ ಸಿಗುವ ಪಾಲು ತೆಳುವಾಗುತ್ತದೆ ಎಂಬುದು ಸೂತ್ರಕ್ಕೆ ಗೊತ್ತಿಲ್ಲ. ಬರವಣಿಗೆಯಲ್ಲಂತೂ ಅದನ್ನು ಬಳಸಲೇಬೇಡಿ.

ಹಂತ 5: ಪ್ರಚಾರ ಮತ್ತು ಬಡ್ಡಿ

ಜಗತ್ತಿನಾದ್ಯಂತ ತೆರೆಕಾಣುವ ಈ ಗಾತ್ರದ ಚಿತ್ರದ ಪ್ರಚಾರ ಹಾಗೂ ಪ್ರತಿಗಳ ಖರ್ಚು ಹತ್ತು ಕೋಟಿ ಡಾಲರನ್ನು ದಾಟುವುದು ಸಾಮಾನ್ಯ. ನಿಖರ ಅಂಕಿ ಸಿಗದಿದ್ದರೆ ಹತ್ತು ಎಂದೇ ಬರೆದು ಮುಂದೆ ‘ಅಂದಾಜು’ ಎಂದು ಸೇರಿಸಿ. ಸ್ಟುಡಿಯೋಗಳೇ ತಯಾರಿಸುವ ಪಾಲುದಾರರ ಲೆಕ್ಕಪತ್ರ ಸಿಕ್ಕಿತೆಂದು ಹಿಗ್ಗಬೇಡಿ. ‘ಹ್ಯಾರಿ ಪಾಟರ್ ಆ್ಯಂಡ್ ದಿ ಆರ್ಡರ್ ಆಫ್ ದಿ ಫೀನಿಕ್ಸ್’ ಸುಮಾರು 94 ಕೋಟಿ ಡಾಲರ್ ಗಳಿಸಿದ ಚಿತ್ರ. 2010ರಲ್ಲಿ ಹೊರಬಿದ್ದ ಅದರ ಲೆಕ್ಕಪತ್ರ ತೋರಿಸಿದ್ದು 16.7 ಕೋಟಿ ನಷ್ಟವನ್ನು. ಸುಮಾರು 21 ಕೋಟಿಯನ್ನು ಸ್ಟುಡಿಯೋ ತನಗೆ ತಾನೇ ‘ವಿತರಣಾ ಶುಲ್ಕ’ವೆಂದು ಕಟ್ಟಿಕೊಂಡಿತ್ತು, ಅದರ ಮೇಲೆ ಬಡ್ಡಿಯನ್ನೂ ಹಾಕಿತ್ತು. ಲಾಭದಲ್ಲಿ ಪಾಲು ಕೇಳುವವರಿಗೆ ತೋರಿಸುವ ಪುಸ್ತಕವೇ ಬೇರೆ, ನಾವು ಹಾಕುತ್ತಿರುವ ಲೆಕ್ಕವೇ ಬೇರೆ.

ಹಂತ 6: ಮೊದಲ ವಾರಾಂತ್ಯದಿಂದ ಭಾಗಿಸಿ

ತವರಿನ ಒಟ್ಟು ಗಳಿಕೆಯನ್ನು ಮೊದಲ ವಾರಾಂತ್ಯದ ಗಳಿಕೆಯಿಂದ ಭಾಗಿಸಿದರೆ ಚಿತ್ರ ಎಷ್ಟು ಕಾಲ ಓಡಿತೆಂಬುದು ತಿಳಿಯುತ್ತದೆ. ಮಕ್ಕಳ ಚಿತ್ರಗಳಿಗೆ ಈ ಸಂಖ್ಯೆಯನ್ನು ನೋಡದೆ ಮಾತನಾಡಲೇಬಾರದು ಎಂಬುದು ನನ್ನ ಹಟ. ಮೊದಲ ಚಿತ್ರ 6.56 ಕೋಟಿಯಿಂದ ಆರಂಭಿಸಿ ಅದರ 4.4 ಪಟ್ಟು ಗಳಿಸಿತು. ಎರಡನೆಯದರ ಆರಂಭವೂ ಕಳಪೆಯೇನಲ್ಲ, 5.5 ಕೋಟಿ, ಆದರೆ 2.6 ಪಟ್ಟಿಗೇ ನಿಂತಿತು. ಮೂರನೆಯದು ಬರೀ 2.4 ಕೋಟಿಯಿಂದ ಹೊರಟು 4.3 ಪಟ್ಟು ಮುಟ್ಟಿತು. ಮೊದಲನೆಯದೂ ಮೂರನೆಯದೂ ಡಿಸೆಂಬರಿನ ಚಿತ್ರಗಳು. ಕ್ರಿಸ್‌ಮಸ್ ರಜೆಯಲ್ಲಿ ವಾರದ ಏಳೂ ದಿನ ಮಕ್ಕಳು ಮನೆಯಲ್ಲೇ ಇರುತ್ತಾರೆ. ‘ಕ್ಯಾಸ್ಪಿಯನ್’ ಬಂದದ್ದು ಮೇ 16ರಂದು. ಎರಡು ವಾರ ಮುಂಚೆ ‘ಐರನ್ ಮ್ಯಾನ್’ ಬಂದಿತ್ತು, ಆರು ದಿನಗಳ ನಂತರ ಇಂಡಿಯಾನಾ ಜೋನ್ಸ್ ಬಂದ. ಆ ಇಕ್ಕಟ್ಟಿನಲ್ಲಿ ಎರಡನೆಯ ವಾರಕ್ಕೆ ಜಾಗವೇ ಉಳಿಯಲಿಲ್ಲ.

ಹಂತ 7: ಚಿತ್ರಮಂದಿರದ ಆಚೆಯ ಹಣ

ಡಿವಿಡಿ, ಟಿವಿ ಹಕ್ಕುಗಳು ಈ ಅಂಕಣಕ್ಕೆ ಸೇರುತ್ತವೆ. 2005ರ ಚಿತ್ರಕ್ಕೆ ಡಿವಿಡಿ ಮಾರುಕಟ್ಟೆಯ ಸುಗ್ಗಿಕಾಲ ಸಿಕ್ಕಿತು, 2010ರ ಹೊತ್ತಿಗೆ ಅದು ಇಳಿಮುಖವಾಗಿತ್ತು. ಆದ್ದರಿಂದ ಎಲ್ಲ ವರ್ಷಗಳಿಗೂ ಒಂದೇ ಮೊತ್ತವನ್ನು ಸೇರಿಸಬೇಡಿ.

ಹಂತ 8: ಹಣ ಯಾರದು?

ಇದನ್ನು ಬಿಟ್ಟರೆ ಹಿಂದಿನ ಏಳು ಹಂತಗಳೂ ನೀರಿನಲ್ಲಿ ಹೋಮ. ನೋಟ್ ಪುಸ್ತಕದಲ್ಲಿ ನಾಲ್ಕನೆಯ ಸಾಲು ಎಳೆದು 2007ರ ಡಿಸೆಂಬರಿನ ‘ದಿ ಗೋಲ್ಡನ್ ಕಂಪಾಸ್’ ಎಂದು ಬರೆಯಿರಿ. ಇದು ನಾರ್ನಿಯಾ ಸರಣಿಯದಲ್ಲ, ಅದೇ ಬಗೆಯ ಮಾಯಾಲೋಕದ ಬೇರೊಂದು ಚಿತ್ರ. ವೆಚ್ಚ 18 ಕೋಟಿ, ಒಟ್ಟು ಗಳಿಕೆ 37.2 ಕೋಟಿ. ಅದರಲ್ಲಿ ತವರಿನಿಂದ ಬಂದದ್ದು 7 ಕೋಟಿ ಮಾತ್ರ, ವಿದೇಶದಿಂದ 30.2 ಕೋಟಿ. ನಾಲ್ಕನೆಯ ಹಂತದ ಪ್ರಕಾರ 3.5 ಕೋಟಿಗೆ 12.1 ಕೋಟಿ ಕೂಡಿಸಿದರೆ 15.6 ಆಗುತ್ತದೆ, ಕೊರತೆ ಎರಡೂವರೆ ಕೋಟಿಯಷ್ಟೇ ಎನಿಸುತ್ತದೆ. ಆದರೆ ನಿರ್ಮಾಣ ಸಂಸ್ಥೆ ನ್ಯೂ ಲೈನ್ ಚಿತ್ರ ತೆಗೆಯಲು ಬೇಕಾದ ಬಂಡವಾಳಕ್ಕಾಗಿ ವಿದೇಶೀ ಹಕ್ಕುಗಳನ್ನು ಅಲ್ಲಲ್ಲಿನ ವಿತರಕರಿಗೆ ಮುಂಗಡವಾಗಿ ಮಾರಿಬಿಟ್ಟಿತ್ತು. ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳಿಗೂ ಅದು ಇದೇ ದಾರಿ ಹಿಡಿದಿತ್ತು. ಆಗ ತವರಿನ ಗಳಿಕೆಯೇ ಬೇಕಾದಷ್ಟು ಬಂದದ್ದರಿಂದ ಈ ವ್ಯವಸ್ಥೆಯ ಬಿಸಿ ಯಾರಿಗೂ ತಟ್ಟಲಿಲ್ಲ. ಈ ಬಾರಿ ಯುರೋಪಿನಲ್ಲಿ ಟಿಕೆಟ್ ಮಾರಾಟ ಜೋರಾಗಿ ನಡೆಯುತ್ತಿದ್ದಾಗ ಆ ಹಣ ಹೋಗುತ್ತಿದ್ದುದು ಹಕ್ಕು ಕೊಂಡವರ ಪೆಟ್ಟಿಗೆಗೆ. ನ್ಯೂ ಲೈನ್ ಮುಂದೆ ಉಳಿದದ್ದು ಮುಂಗಡವಾಗಿ ಬಂದು ಆಗಲೇ ಖರ್ಚಾದ ಹಣ ಮತ್ತು ತವರಿನ ಮೂರೂವರೆ ಕೋಟಿ. 2008ರ ಫೆಬ್ರುವರಿ ಕೊನೆಯಲ್ಲಿ, ನ್ಯೂ ಲೈನ್ ಇನ್ನು ಸ್ವತಂತ್ರ ಸ್ಟುಡಿಯೋ ಆಗಿ ಉಳಿಯದೆ ವಾರ್ನರ್ ಬ್ರದರ್ಸ್‌ನಲ್ಲಿ ವಿಲೀನವಾಗುತ್ತದೆ ಎಂಬ ಪ್ರಕಟಣೆ ಬಂತು. ಕಥೆಯ ಮುಂದಿನ ಭಾಗಗಳ ಚಿತ್ರಗಳು ಬರಲೇ ಇಲ್ಲ.

ಆದ್ದರಿಂದ ಈ ನಾಲ್ಕನೆಯ ಸಾಲಿನ ವಿದೇಶದ ಅಂಕಣದಲ್ಲಿ 12.1ನ್ನು ಹೊಡೆದುಹಾಕಿ ‘ಮಾರಿದೆ’ ಎಂದಷ್ಟೇ ಬರೆಯಿರಿ. ಪೆನ್ಸಿಲ್ ಹಿಡಿಯಿರಿ ಎಂದು ಮೊದಲೇ ಹೇಳಿದ್ದು ಇದಕ್ಕೇ.