ಆ ಫೋಟೊ ಗ್ರೂಪಿಗೆ ಹಾಕುವ ಮುಂಚೆ: ಬ್ರಿಟನ್ನಿನಲ್ಲಿ ಪತ್ರಕರ್ತರು, ಕಾನೂನು ಮತ್ತು ನಾವು

ಲಂಡನ್ನಿಗೆ ಬಂದ ಕನ್ನಡಿಗರು ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನ ಮೂರ್ತಿಯ ಮುಂದೆ ಒಂದು ಫೋಟೊ ತೆಗೆಸಿಕೊಳ್ಳದೆ ಹೋಗುವುದಿಲ್ಲ. ಅಲ್ಲಿಂದ ಥೇಮ್ಸ್ ದಂಡೆ ಹಿಡಿದು ಅರ್ಧ ಗಂಟೆ ನಡೆದರೆ ವಾಟರ್ಲೂ ಸೇತುವೆ. 1978ರ ಸೆಪ್ಟೆಂಬರ್ 7ರಂದು ಗಿಯೋರ್ಗಿ ಮಾರ್ಕೊವ್ ಎಂಬ ಬಲ್ಗೇರಿಯದ ಲೇಖಕರು ಅಲ್ಲಿ ಬಸ್ಸಿಗೆ ಕಾಯುತ್ತಿದ್ದರು. ದೇಶ ಬಿಟ್ಟು ಬಂದು ಬಿಬಿಸಿಯಲ್ಲಿ ಕೆಲಸಕ್ಕಿದ್ದವರು. ತೊಡೆಗೆ ಏನೋ ಚುಚ್ಚಿದಂತಾಯಿತು. ನಾಲ್ಕು ದಿನಕ್ಕೆ ತೀರಿಕೊಂಡರು. ಒಳಗೆ ಹೊಕ್ಕಿದ್ದು ಗುಂಡುಸೂಜಿಯ ತಲೆಯಷ್ಟು ಸಣ್ಣ ಗುಂಡು, ಅದರಲ್ಲಿ ರೈಸಿನ್ ವಿಷ. ಯಾರಿಗೂ ಶಿಕ್ಷೆ ಆಗಲಿಲ್ಲ.

ಇದೆಲ್ಲ ಹಳೇ ಕಾಲದ ಗೂಢಚಾರರ ಕಥೆ, ನಮಗೇನು ಸಂಬಂಧ ಅಂತ ನಾನೂ ಅಂದುಕೊಂಡಿದ್ದೆ. ನಮ್ಮ ಸಂಘದ ದೀಪಾವಳಿ ಕಾರ್ಯಕ್ರಮಕ್ಕೆ ನಮ್ಮ ಬೀದಿಯ ಒಬ್ಬ ಹೆಂಗಸನ್ನು ಕರೆದುಕೊಂಡು ಹೋಗುವವರೆಗೆ. ಅವರು ಪತ್ರಕರ್ತೆ, ಆಶ್ರಯ ಪಡೆದು ಇಲ್ಲಿ ಇರುವವರು. ಯಾವ ದೇಶದವರು ಅಂತ ಬರೆಯುವುದಿಲ್ಲ. ಊಟದ ಸಾಲಿನಲ್ಲಿ ಯಾರೋ ಗ್ರೂಪ್ ಫೋಟೊ ತೆಗೆದರು. ಐದೇ ನಿಮಿಷದಲ್ಲಿ ಅದು ಮುನ್ನೂರು ಜನರ ವಾಟ್ಸಾಪ್ ಗ್ರೂಪಿನಲ್ಲಿತ್ತು, ಸಭಾಂಗಣದ ಹೆಸರಿನ ಜೊತೆಗೆ. ಮರುದಿನ ಅವರು ಮನೆಗೆ ಬಂದು, ಕೂರದೆ, 'ಅದನ್ನು ತೆಗೆಸೋಕೆ ಆಗುತ್ತಾ?' ಎಂದು ಕೇಳಿದರು. 'ನನಗಲ್ಲ. ಅಮ್ಮ ಇನ್ನೂ ಅಲ್ಲೇ ಇದ್ದಾರೆ.'

ಇಲ್ಲಿನ ವ್ಯವಸ್ಥೆ ಏನು ಕೊಡುತ್ತದೆ, ಎಲ್ಲಿ ಕೈ ಬಿಡುತ್ತದೆ ಎಂದು ಆಮೇಲೆ ಹುಡುಕಿ ಓದಿದೆ. ಅದನ್ನೇ ಬರೆಯುತ್ತಿದ್ದೇನೆ. ಸಂಘದ ಪತ್ರಿಕೆ ನಡೆಸುವವರಿಗೆ, ರೇಡಿಯೊದಲ್ಲಿ ಮಾತಾಡುವವರಿಗೆ, ಸುಮ್ನೆ ಫಾರ್ವರ್ಡ್ ಮಾಡುವವರಿಗೂ.

ಯಾವುದಕ್ಕೆ ಲೈಸೆನ್ಸ್ ಬೇಕು

ಮುದ್ರಿತ ಪತ್ರಿಕೆಗೆ ಬೇಡ. ಹೆಸರು ನೋಂದಾಯಿಸಬೇಕಿಲ್ಲ, ಯಾವ ಅಧಿಕಾರಿಯ ಒಪ್ಪಿಗೆಯೂ ಬೇಕಿಲ್ಲ. ಒಂದು ಕಟ್ಟುಪಾಡು ಇದೆ, ಅದೂ ಖುಷಿ ಕೊಡುವಂಥದ್ದು: 2003ರ ಕಾನೂನಿನ ಪ್ರಕಾರ ಇಲ್ಲಿ ಪ್ರಕಟವಾದ ಮುದ್ರಿತ ಸಂಚಿಕೆಯ ಒಂದು ಪ್ರತಿಯನ್ನು ತಿಂಗಳೊಳಗೆ ಬ್ರಿಟಿಷ್ ಲೈಬ್ರರಿಗೆ ಕಳಿಸಬೇಕು. ಸಂಘದ ವಾರ್ಷಿಕ ಸಂಚಿಕೆಯೂ ಅದರಲ್ಲಿ ಬರುತ್ತದೆ. ನಮ್ಮಲ್ಲಿ ಎಷ್ಟು ಸಂಘಗಳು ಕಳಿಸುತ್ತವೆ ಎಂದು ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ಟಿವಿ ಮತ್ತು ರೇಡಿಯೊ ಹಾಗಲ್ಲ. ಅವಕ್ಕೆ ಆಫ್‌ಕಾಮ್ ಎಂಬ, ಪ್ರಸಾರದ ಮೇಲೆ ಕಣ್ಣಿಡುವ ಸಂಸ್ಥೆಯ ಲೈಸೆನ್ಸ್ ಬೇಕು. ಲಾಭಕ್ಕಲ್ಲದೆ ನಡೆಯುವ ಕಮ್ಯುನಿಟಿ ರೇಡಿಯೊಗೂ ಬೇಕು. ವಾರಕ್ಕೆ ಒಂದು ಗಂಟೆ ಕನ್ನಡ ಹಾಡು ಹಾಕುವ ನಿಮ್ಮ ಕಾರ್ಯಕ್ರಮದಲ್ಲಿ ಯಾರಾದರೂ ಒಂದು ಸಮುದಾಯವನ್ನು ಬಾಯಿಗೆ ಬಂದಂತೆ ಬೈದರೆ ಉತ್ತರ ಕೊಡಬೇಕಾದ್ದು ಸ್ಟೇಷನ್. ಕನ್ನಡ ಯಾರಿಗೆ ಅರ್ಥವಾಗುತ್ತದೆ ಎಂಬ ಧೈರ್ಯ ಬೇಡ. ಆಫ್‌ಕಾಮ್ ಅನುವಾದ ಮಾಡಿಸಿ ಓದುತ್ತದೆ. ಹಿಂದಿ ಚಾನೆಲ್ ರಿಪಬ್ಲಿಕ್ ಭಾರತ್‌ನಲ್ಲಿ ಬಂದ ಒಂದು ಚರ್ಚೆಯಲ್ಲಿ ಪಾಕಿಸ್ತಾನದ ಜನರ ವಿರುದ್ಧ ದ್ವೇಷದ ಮಾತಿತ್ತು ಎಂದು, ಅದರ ಲೈಸೆನ್ಸ್ ಹೊಂದಿದ್ದ ಕಂಪನಿಗೆ 2020ರ ಡಿಸೆಂಬರ್‌ನಲ್ಲಿ 20,000 ಪೌಂಡ್ ದಂಡ ಬಿತ್ತು. ಪಂಜಾಬಿ, ಉರ್ದು ಚಾನೆಲ್‌ಗಳಿಗೂ ಇಂಥ ಬಿಸಿ ಮುಟ್ಟಿದೆ.

ಇದೇ ಆಫ್‌ಕಾಮ್ ದೇಶ ಬಿಟ್ಟ ಪತ್ರಕರ್ತರಿಗೆ ಗುರಾಣಿಯೂ ಆಗಿದೆ. ಮಜಿಯಾರ್ ಬಹಾರಿ 2009ರಲ್ಲಿ ಟೆಹರಾನಿನಲ್ಲಿ ನ್ಯೂಸ್‌ವೀಕ್‌ಗೆ ವರದಿ ಮಾಡುತ್ತಿದ್ದಾಗ ಜೈಲು ಸೇರಿದವರು. ಜೈಲಿನಲ್ಲಿ ಬಲವಂತವಾಗಿ ತೆಗೆದ ಸಂದರ್ಶನವನ್ನು ಇರಾನ್ ಸರ್ಕಾರದ ಪ್ರೆಸ್ ಟಿವಿ ಲಂಡನ್ ಲೈಸೆನ್ಸ್ ಇಟ್ಟುಕೊಂಡೇ ಪ್ರಸಾರ ಮಾಡಿತು. ಬಿಡುಗಡೆ ಆದ ಮೇಲೆ ಬಹಾರಿ ಮಾಡಿದ್ದು ಇಷ್ಟೇ: ಆಫ್‌ಕಾಮ್‌ಗೆ ದೂರು ಬರೆದರು. 2011ರಲ್ಲಿ ಚಾನೆಲ್‌ಗೆ ಒಂದು ಲಕ್ಷ ಪೌಂಡ್ ದಂಡ ಬಿತ್ತು. ಸಂಪಾದಕೀಯ ಹಿಡಿತ ಲಂಡನ್ನಿನಲ್ಲಿಲ್ಲ, ಟೆಹರಾನಿನಲ್ಲಿದೆ ಎಂಬ ಕಾರಣಕ್ಕೆ 2012ರ ಜನವರಿಯಲ್ಲಿ ಲೈಸೆನ್ಸ್ ಕೂಡ ಹೋಯಿತು. 2021ರಲ್ಲಿ ಚೀನಾದ ಸಿಜಿಟಿಎನ್ ಚಾನೆಲ್‌ನ ಲೈಸೆನ್ಸ್ ಹೋಗಿದ್ದೂ ಹಿಡಿತ ಯಾರ ಕೈಯಲ್ಲಿ ಎಂಬ ಪ್ರಶ್ನೆಯಿಂದಲೇ. ಒಬ್ಬ ವ್ಯಕ್ತಿಯ ದೂರಿಗೆ ಅಷ್ಟು ತೂಕ ಸಿಗುತ್ತದೆ ಎಂಬುದು ನನಗೆ ಈ ದೇಶದ ಬಗ್ಗೆ ಹಿಡಿಸಿದ ಸಂಗತಿ.

ದೂರಿಗೆ ಗಡುವು ಇದೆ, ಮರೆಯಬೇಡಿ. ಟಿವಿ, ರೇಡಿಯೊ ಕಾರ್ಯಕ್ರಮವಾದರೆ ಪ್ರಸಾರದಿಂದ 20 ಕೆಲಸದ ದಿನಗಳ ಒಳಗೆ. ಬಿಬಿಸಿಯಾದರೆ ಮೊದಲು ಬಿಬಿಸಿಗೇ. ಪತ್ರಿಕೆಯಾದರೆ ಇಪ್ಸೊ ಎಂಬ ಸಂಸ್ಥೆಗೆ, ಸಾಮಾನ್ಯವಾಗಿ ನಾಲ್ಕು ತಿಂಗಳೊಳಗೆ. ಗಾರ್ಡಿಯನ್, ಫೈನಾನ್ಷಿಯಲ್ ಟೈಮ್ಸ್ ಇಪ್ಸೊದಲ್ಲಿಲ್ಲ, ಅವುಗಳದ್ದು ಸ್ವಂತ ವ್ಯವಸ್ಥೆ.

ಯೂಟ್ಯೂಬ್, ಪಾಡ್‌ಕಾಸ್ಟ್, ವಾಟ್ಸಾಪಿಗೆ ಲೈಸೆನ್ಸ್ ಬೇಡ. ಹಾಗಂತ ಕಾನೂನು ಅಲ್ಲಿಗೆ ಬರುವುದಿಲ್ಲ ಎಂದಲ್ಲ. ಗ್ರೂಪಿನಲ್ಲಿ ಬರೆದ ಮಾತಿನಿಂದ ಒಬ್ಬರ ಹೆಸರಿಗೆ ಗಂಭೀರ ಹಾನಿ ಆದರೆ ಅವರು ಒಂದು ವರ್ಷದೊಳಗೆ ಮಾನನಷ್ಟದ ದಾವೆ ಹೂಡಬಹುದು. ಸುಳ್ಳು ಎಂದು ಗೊತ್ತಿದ್ದೂ, ಹಾನಿ ಮಾಡುವ ಉದ್ದೇಶದಿಂದ ಸಂದೇಶ ಕಳಿಸುವುದು ಆನ್‌ಲೈನ್ ಸೇಫ್ಟಿ ಕಾಯ್ದೆಯಲ್ಲಿ ಅಪರಾಧ. 'ಬಂದದ್ದನ್ನು ಕಳಿಸಿದೆ ಅಷ್ಟೆ' ಎಂಬ ನಮ್ಮ ಮಾಮೂಲಿ ಉತ್ತರವನ್ನು ಕೋರ್ಟಿನಲ್ಲಿ ನಂಬಿಕೊಂಡು ಕೂರಬೇಡಿ.

ವೀಸಾ ನೋಡಿಕೊಂಡು ಸಂಭಾವನೆ

ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ಉದ್ಯೋಗ ಮಾಡುವಂತಿಲ್ಲ. ಫ್ರೀಲಾನ್ಸ್ ಬರವಣಿಗೆಯೂ ಸ್ವಂತ ಉದ್ಯೋಗವೇ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಸ್ಪಾನ್ಸರ್ ಕೊಟ್ಟ ಕೆಲಸದ ಆಚೆಗಿನ ಸಂಪಾದನೆಗೆ ಷರತ್ತುಗಳಿವೆ. ಡಿಪೆಂಡೆಂಟ್ ವೀಸಾದವರಿಗೆ ಈ ತೊಡಕಿಲ್ಲ. ಹಾಗಾಗಿ ಮನೆಯಲ್ಲಿ ಬರೆಯುವ ಕೆಲಸ ಹೆಂಡತಿಗೋ ಗಂಡನಿಗೋ ಹೋಗುವುದೂ ಉಂಟು.

ಆಶ್ರಯದ ಅರ್ಜಿ ಹಾಕಿ ಕಾಯುತ್ತಿರುವವರ ಪಾಡು ಬೇರೆ. ಅವರು ಕೆಲಸ ಮಾಡುವಂತಿಲ್ಲ. ಹನ್ನೆರಡು ತಿಂಗಳಾದರೂ ತೀರ್ಮಾನ ಬರದಿದ್ದರೆ, ತಡ ಅವರಿಂದ ಆಗಿಲ್ಲದಿದ್ದರೆ, ಅನುಮತಿ ಕೇಳಬಹುದು. ಸಿಕ್ಕರೂ ಸರ್ಕಾರದ ಪಟ್ಟಿಯಲ್ಲಿರುವ ಕೆಲಸಗಳಿಗೆ ಮಾತ್ರ. ಅಲ್ಲಿಯವರೆಗೆ ಕೈಗೆ ಬರುವುದು 2024ರ ದರದಲ್ಲಿ ವಾರಕ್ಕೆ 49.18 ಪೌಂಡ್, ಊಟ ಕೊಡುವ ಹೋಟೆಲಿನಲ್ಲಿ ಇಟ್ಟಿದ್ದರೆ ಇನ್ನೂ ಕಡಿಮೆ. ಇಪ್ಪತ್ತು ವರ್ಷ ವರದಿಗಾರಿಕೆ ಮಾಡಿ ಬಂದವರಿಗೆ ಕೈ ಕಟ್ಟಿ ಕೂರಿಸಿದ ಹಾಗೆ. ಕನಿಕರದಿಂದ 'ಒಂದು ಲೇಖನ ಬರೆದುಕೊಡಿ, ಐವತ್ತು ಪೌಂಡ್ ಕೊಡುತ್ತೇವೆ' ಎನ್ನಬೇಡಿ. ಅವರ ಅರ್ಜಿಗೆ ಕುತ್ತು ಬರಬಹುದು, ಅನುಮತಿ ಇಲ್ಲದವರಿಗೆ ಕೆಲಸ ಕೊಟ್ಟವರಿಗೆ 2024ರಿಂದ ಮೊದಲ ತಪ್ಪಿಗೇ ತಲಾ 45,000 ಪೌಂಡ್‌ವರೆಗೆ ದಂಡ ಇದೆ. ಆಶ್ರಯ ಸಿಕ್ಕ ಮೇಲೆ ಎಲ್ಲ ಕೆಲಸವೂ ಮಾಡಬಹುದು, ಆಗ ಧಾರಾಳವಾಗಿ ಕೊಡಿ.

ದುಭಾಷಿ ಕೆಲಸ ಮಾಡುವ ನಮ್ಮವರಿಗೆ ಒಂದು ಮಾತು. ಹಿಂದಿ, ಉರ್ದು, ತಮಿಳು ಗೊತ್ತಿರುವ ಕನ್ನಡಿಗರು ಎಷ್ಟೋ ಮಂದಿ ಆಶ್ರಯದ ಸಂದರ್ಶನಗಳಿಗೆ ಹೋಗುತ್ತಾರೆ. ಅರ್ಜಿದಾರ ನಿಮ್ಮನ್ನು ಕಂಡು ಮಾತು ನುಂಗಿದರೆ ಸಿಟ್ಟಾಗಬೇಡಿ. ಹೋಮ್ ಆಫೀಸ್ (ಇಲ್ಲಿನ ಗೃಹ ಇಲಾಖೆ) ಅರ್ಜಿಯ ವಿಷಯವನ್ನು ಅವರ ದೇಶಕ್ಕೆ ತಿಳಿಸುವುದಿಲ್ಲ ಎಂದು ಅವರಿಗೆ ಹೇಳಿರುತ್ತಾರೆ. ಅವರ ಭಯ ಹೋಮ್ ಆಫೀಸಿನದ್ದಲ್ಲ. ತಮ್ಮ ಭಾಷೆ ಬಲ್ಲವರು ಯಾರ ಮನೆಯಲ್ಲಿ ಊಟಕ್ಕೆ ಕೂರುತ್ತಾರೋ ಎಂಬುದು.

ಒತ್ತಡ ಬರುವ ದಾರಿ

ಲಂಡನ್ನಿನ ಪರ್ಷಿಯನ್ ಚಾನೆಲ್ ಇರಾನ್ ಇಂಟರ್‌ನ್ಯಾಷನಲ್ ಚಿಸಿಕ್‌ನಲ್ಲಿತ್ತು. ಅದರ ಆವರಣದ ಭದ್ರತೆಯನ್ನು ವಿಡಿಯೊ ಮಾಡುತ್ತಿದ್ದ ಒಬ್ಬ ಆಸ್ಟ್ರಿಯಾ ಪ್ರಜೆ 2023ರ ಫೆಬ್ರವರಿಯಲ್ಲಿ ಸಿಕ್ಕಿಬಿದ್ದ. ಅವನಿಗೆ ಮೂರೂವರೆ ವರ್ಷ ಜೈಲಾಯಿತು. ಚಾನೆಲ್ ಅದೇ ತಿಂಗಳು ಲಂಡನ್ ಬಿಟ್ಟು ವಾಷಿಂಗ್ಟನ್‌ಗೆ ಹೋಯಿತು. ಸೆಪ್ಟೆಂಬರ್‌ನಲ್ಲಿ ಬೇರೆ ಜಾಗಕ್ಕೆ ವಾಪಸ್ ಬಂತು. 2024ರ ಮಾರ್ಚ್ 29ರಂದು ಅದರ ನಿರೂಪಕ ಪೂರಿಯಾ ಜೆರಾತಿಗೆ ವಿಂಬಲ್ಡನ್‌ನ ಮನೆ ಮುಂದೆಯೇ ಕಾಲಿಗೆ ಚಾಕು ಹಾಕಿದರು. ಶಂಕಿತರು ಕೆಲವೇ ಗಂಟೆಗಳಲ್ಲಿ ಹೀಥ್ರೂದಿಂದ ವಿಮಾನ ಹತ್ತಿದ್ದರು ಎಂದು ಪೊಲೀಸರು ಹೇಳಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಲ್ಲಿನ ಗುಪ್ತಚರ ಸಂಸ್ಥೆ ಎಂಐ5ರ ಮುಖ್ಯಸ್ಥರು, 2022ರ ಜನವರಿಯಿಂದ ಇರಾನ್ ಬೆಂಬಲದ 20 ಸಂಚುಗಳಿಗೆ ಎದುರಾಗಿದ್ದೇವೆ ಎಂದರು.

ಸುದ್ದಿಯಾಗುವುದು ಚಾಕು. ಆದರೆ ಜಾಸ್ತಿ ಕೆಲಸ ಮಾಡುವುದು ಚಾಕುವಲ್ಲ, ಊರಿನಿಂದ ಬರುವ ಫೋನು. 2017ರಲ್ಲಿ ಇರಾನಿನ ಕೋರ್ಟ್ ಬಿಬಿಸಿ ಪರ್ಷಿಯನ್‌ಗೆ ಕೆಲಸ ಮಾಡಿದ್ದ, ಮಾಡುತ್ತಿದ್ದ 152 ಮಂದಿಯ ಆಸ್ತಿ ಮಾರಾಟಕ್ಕೆ ತಡೆ ಹಾಕಿತು. ಅಪ್ಪನಿಂದ ಬಂದ ಮನೆಯನ್ನೂ ಮಾರುವಂತಿಲ್ಲ. ತಮ್ಮನನ್ನು ಠಾಣೆಗೆ ಕರೆಯುತ್ತಾರೆ. ಟೀ ಕೊಟ್ಟು ಕೂರಿಸಿ 'ನಿಮ್ಮ ಅಕ್ಕನಿಗೆ ಸ್ವಲ್ಪ ಹೇಳಿ' ಎನ್ನುತ್ತಾರೆ. ಹಾಂಗ್‌ಕಾಂಗ್ ಪೊಲೀಸರು 2023ರ ಜುಲೈನಲ್ಲಿ ಹೊರದೇಶದಲ್ಲಿದ್ದ ಎಂಟು ಮಂದಿ ಪ್ರಜಾಪ್ರಭುತ್ವ ಹೋರಾಟಗಾರರ ತಲೆಗೆ ತಲಾ ಹತ್ತು ಲಕ್ಷ ಹಾಂಗ್‌ಕಾಂಗ್ ಡಾಲರ್ ಬಹುಮಾನ ಘೋಷಿಸಿದರು, ಬ್ರಿಟನ್ನಿನಲ್ಲಿ ಇರುವವರೂ ಅದರಲ್ಲಿದ್ದರು. ಪಕ್ಕದ ಮನೆಯವರೂ ಅನುಮಾನದಿಂದ ನೋಡುವಂತಾದರೆ ಸಾಕು, ಬಹುಮಾನದ ಕೆಲಸ ಅರ್ಧ ಮುಗಿಯಿತು.

ಈ ಒತ್ತಡಕ್ಕೆ ಮಾಹಿತಿ ಬೇಕು. ಯಾರು ಎಲ್ಲಿ ಇದ್ದಾರೆ, ಯಾರ ಜೊತೆ ಓಡಾಡುತ್ತಾರೆ. ಅದನ್ನು ನಮ್ಮಂಥ ಸಂಘಗಳೇ ಪುಕ್ಕಟೆ ಒದಗಿಸುತ್ತವೆ: ಟ್ಯಾಗ್ ಮಾಡಿದ ಫೋಟೊ, ಎಲ್ಲರ ನಂಬರ್ ಕಾಣುವ ಗ್ರೂಪು, ಬಾಗಿಲಲ್ಲಿ ಬಿಚ್ಚಿಟ್ಟ ಹೆಸರಿನ ಪಟ್ಟಿ. ನಮ್ಮಲ್ಲಿ ಕೆಟ್ಟವರಿದ್ದಾರೆ ಎಂದು ಹೇಳುತ್ತಿಲ್ಲ. ನಮ್ಮ ಪ್ರೀತಿಯೇ ಹಾಗೆ, ಎಲ್ಲವನ್ನೂ ಎಲ್ಲರಿಗೂ ತೋರಿಸಬೇಕು.

ಕಾನೂನು ಇಲ್ಲಿ ಈಚೆಗೆ ಬಿಗಿಯಾಗಿದೆ. 2023ರ ನ್ಯಾಷನಲ್ ಸೆಕ್ಯುರಿಟಿ ಕಾಯ್ದೆ ಪ್ರಕಾರ ಬೇರೆ ದೇಶದ ಗುಪ್ತಚರ ಸಂಸ್ಥೆಗೆ ನೆರವಾದರೆ 14 ವರ್ಷದವರೆಗೆ ಜೈಲು. ಸಭೆಗೆ ಯಾರು ಬಂದಿದ್ದರು ಎಂದು ಯಾರಾದರೂ ಪದೇ ಪದೇ ವಿಚಾರಿಸಿದರೆ, ಅವರು ಎಷ್ಟೇ ಆತ್ಮೀಯರಾಗಿರಲಿ, 'ನೆನಪಿಲ್ಲ' ಎನ್ನುವುದು ಒಳ್ಳೆಯದು. ಜೊತೆಗೆ 2025ರ ಜುಲೈ 1ರಿಂದ ಒಂದು ನೋಂದಣಿ ಪದ್ಧತಿ ಬಂದಿದೆ. ಬೇರೆ ದೇಶದ ಸರ್ಕಾರ ಹೇಳಿದಂತೆ ನೀವು ಇಲ್ಲಿನ ಎಂಪಿಗಳ ಮೇಲೆ ಪ್ರಭಾವ ಬೀರಲು ಹೊರಟರೆ 28 ದಿನದೊಳಗೆ ನೋಂದಾಯಿಸಬೇಕು. ಐರ್ಲೆಂಡ್ ಒಂದನ್ನು ಬಿಟ್ಟು, ಭಾರತವೂ ಸೇರಿ ಯಾವ ದೇಶವಾದರೂ ಸರಿ. ರಷ್ಯಾ, ಇರಾನ್ ವಿಷಯದಲ್ಲಿ ನಿಯಮ ಇನ್ನೂ ಕಟ್ಟುನಿಟ್ಟು. ನಿಮ್ಮ ಸ್ವಂತ ಅಭಿಪ್ರಾಯವನ್ನು ನೀವಾಗಿಯೇ ಎಂಪಿಗೆ ಬರೆಯಲು ಯಾವ ನೋಂದಣಿಯೂ ಬೇಡ.

ಒಸಿಐ ಇರುವವರು ಓದಲೇಬೇಕಾದ್ದು

ಇದು ಬ್ರಿಟನ್ ಕಾನೂನಲ್ಲ, ಆದರೆ ನಮ್ಮ ಬರಹಗಾರರು ಎಡವುವುದು ಇಲ್ಲೇ. 2021ರ ಮಾರ್ಚ್ 4ರ ಭಾರತ ಸರ್ಕಾರದ ಅಧಿಸೂಚನೆ ಪ್ರಕಾರ ಒಸಿಐ ಕಾರ್ಡ್ (ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಇರುವವರು ಭಾರತದಲ್ಲಿ ಪತ್ರಿಕೋದ್ಯಮದ ಕೆಲಸ ಮಾಡಲು ಪ್ರತ್ಯೇಕ ಅನುಮತಿ ಪಡೆಯಬೇಕು. ರಜೆಗೆ ಹೋದಾಗ ಇಲ್ಲಿನ ಚಾನೆಲ್‌ಗೆ ಒಂದು ವರದಿ ಮಾಡಿ ಬರೋಣ ಎನ್ನುವವರು ಮುಂಚೆಯೇ ಅರ್ಜಿ ಹಾಕಿ. ಕಾರ್ಡ್ ರದ್ದು ಮಾಡುವ ಅಧಿಕಾರವೂ ಸರ್ಕಾರಕ್ಕಿದೆ. ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ನಿತಾಶಾ ಕೌಲ್ 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರದ ಆಹ್ವಾನದ ಮೇಲೆ ಬೆಂಗಳೂರಿಗೆ ಬಂದಿಳಿದರೂ, ಅವರನ್ನು ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸಲಾಯಿತು. 2025ರ ಮೇನಲ್ಲಿ ಅವರ ಒಸಿಐ ರದ್ದಾಯಿತು. ಭಾರತ ವಿರೋಧಿ ಚಟುವಟಿಕೆ ಎಂದು ಸರ್ಕಾರ ಹೇಳಿತು, ಅವರು ಒಪ್ಪಲಿಲ್ಲ. ಯಾರದು ಸರಿ ಎಂಬ ಚರ್ಚೆ ನಿಮಗೆ ಬಿಟ್ಟದ್ದು. ಬ್ರಿಟಿಷ್ ಪಾಸ್‌ಪೋರ್ಟ್ ಅಲ್ಲಿ ಸಹಾಯಕ್ಕೆ ಬರಲಿಲ್ಲ ಎಂಬುದಷ್ಟನ್ನು ನೆನಪಿಡಿ.

ಯಾರಿಗೆ ಫೋನ್ ಮಾಡಬೇಕು

ಜೀವಕ್ಕೆ ಅಪಾಯ ಇದ್ದರೆ 999. ಹಿಂಬಾಲಿಸುತ್ತಿದ್ದಾರೆ, ಬೆದರಿಕೆ ಬರುತ್ತಿದೆ ಎಂದರೆ 101. ಬೇರೆ ದೇಶದ ಕೈವಾಡದ ಅನುಮಾನವಿದ್ದರೆ ಭಯೋತ್ಪಾದನೆ ತಡೆ ಪೊಲೀಸರ 0800 789 321. 101ರಲ್ಲಿ ಫೋನ್ ಎತ್ತುವವರಿಗೆ ಇದು ಬರೀ ಅಕ್ಕಪಕ್ಕದವರ ಜಗಳದಂತೆ ಕೇಳಿಸಬಹುದು. ಆದ್ದರಿಂದ ಮೊದಲ ವಾಕ್ಯದಲ್ಲೇ 'ನಾನು ಪತ್ರಕರ್ತೆ, ಇದರ ಹಿಂದೆ ಒಂದು ಸರ್ಕಾರ ಇದೆ ಎಂಬ ಅನುಮಾನ' ಎಂದು ಹೇಳಿ. ಕ್ರೈಮ್ ರೆಫರೆನ್ಸ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಪೊಲೀಸ್ ಪಡೆಗಳಲ್ಲಿ ಪತ್ರಕರ್ತರ ಸುರಕ್ಷತೆಗೆಂದೇ ಒಬ್ಬ ಅಧಿಕಾರಿ ಇರುತ್ತಾರೆ, ಅವರ ಜೊತೆಯೇ ಮಾತಾಡಬೇಕು ಎಂದು ಕೇಳಿ.

ಪೊಲೀಸರ ಆಚೆ ಎನ್‌ಯುಜೆ ಇದೆ, 1907ರಲ್ಲಿ ಶುರುವಾದ ಪತ್ರಕರ್ತರ ಯೂನಿಯನ್. ಕಾರ್ಡೂ ಸಿಗುತ್ತದೆ, ವಕೀಲರ ಸಲಹೆಯೂ ಸಿಗುತ್ತದೆ. ಫ್ರೀಲಾನ್ಸ್ ಮಾಡುವವರು ಕಷ್ಟದಲ್ಲಿದ್ದರೆ ರೋರಿ ಪೆಕ್ ಟ್ರಸ್ಟ್. ಆಶ್ರಯ ಪಡೆದು ಇಲ್ಲಿ ಮತ್ತೆ ವೃತ್ತಿಗೆ ಮರಳಬೇಕು ಎನ್ನುವವರಿಗೆ ಲಂಡನ್ ಕಾಲೇಜ್ ಆಫ್ ಕಮ್ಯುನಿಕೇಷನ್‌ನಲ್ಲಿ ಶುರುವಾದ ರೆಫ್ಯುಜಿ ಜರ್ನಲಿಸಂ ಪ್ರಾಜೆಕ್ಟ್ ಎಂಬ ತರಬೇತಿ ಯೋಜನೆಯನ್ನು ವಿಚಾರಿಸಲು ಹೇಳಿ.

ನಮ್ಮ ಸಂಘದಲ್ಲಿ ಈಗ ಬಾಗಿಲಲ್ಲಿ ಹಳದಿ ಸ್ಟಿಕರ್ ಇಡುತ್ತೇವೆ. ಅಂಟಿಸಿಕೊಂಡವರ ಫೋಟೊ ತೆಗೆಯುವಂತಿಲ್ಲ, ಯಾಕೆ ಎಂದು ಕೇಳುವಂತೆಯೂ ಇಲ್ಲ. ಮೊದಲ ವರ್ಷ ಹತ್ತು ಜನ ಅಂಟಿಸಿಕೊಂಡರು. ಅದರಲ್ಲಿ ಆರು ಮಂದಿ ಕನ್ನಡಿಗರೇ. ನಾನಂತೂ ಅಷ್ಟು ನಿರೀಕ್ಷಿಸಿರಲಿಲ್ಲ.

ಆ ಹೆಂಗಸು ಹೋದ ವರ್ಷದ ಸಂಚಿಕೆಗೆ ಒಂದು ಪುಟ ಬರೆದುಕೊಟ್ಟರು, ತಾವು ಬೆಳೆದ ಬೀದಿಯ ಬಗ್ಗೆ. ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿದ್ದು ನಾನೇ. ಹೆಸರಿನ ಜಾಗದಲ್ಲಿ ಏನು ಹಾಕಲಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಖಾಲಿ ಬಿಡಿ ಎಂದರು. ಬ್ರಿಟಿಷ್ ಲೈಬ್ರರಿಗೆ ಹೋದ ಪ್ರತಿಯಲ್ಲೂ ಅದು ಹಾಗೇ ಇದೆ.